ಜಾನ್ ಕೋಲ್ಟ್ರೇನ್ ಕೇಳಿ ನನ್ನ ಕಿವಿ ಬದಲಾದದ್ದು

ನೀವು ಕೇಳಿದ್ದು ಇದು: "ಜಾಜ್ ಸಂಗೀತದ ದೊಡ್ಡ ದೊಡ್ಡ ಕಲಾವಿದರು ತೀರಿಕೊಂಡು ಐವತ್ತು ಅರವತ್ತು ವರ್ಷ ಆಯ್ತು. ಆದರೂ ಕೇಳುಗರು ಇವತ್ತಿಗೂ 'ಇವರಿಂದ ನನ್ನ ಬದುಕೇ ಬದಲಾಯ್ತು' ಅಂತಾರೆ. ಇದು ಸುಮ್ನೆ ದೊಡ್ಡ ಮಾತಾ? ನಿಜವಾಗಿ ಏನಾದರೂ ಬದಲಾಗುತ್ತಾ?"

ಬದಲಾಗುತ್ತದೆ. ನನ್ನ ವಿಷಯದಲ್ಲಿ ಬದಲಾಗಿದ್ದು ಕಿವಿ. ಎಲ್ಲ ಕಲಾವಿದರ ಬಗ್ಗೆ ಹೇಳುವಷ್ಟು ನಾನು ಕೇಳಿಲ್ಲ, ಅದಕ್ಕೆ ಒಬ್ಬರ ಬಗ್ಗೆ ಮಾತ್ರ ಬರೆಯುತ್ತೇನೆ. ಜಾನ್ ಕೋಲ್ಟ್ರೇನ್. ಹುಟ್ಟಿದ್ದು 1926ರ ಸೆಪ್ಟೆಂಬರ್ 23, ಅಮೆರಿಕದ ನಾರ್ತ್ ಕ್ಯಾರೊಲಿನಾದ ಹ್ಯಾಮ್ಲೆಟ್ ಎಂಬ ಸಣ್ಣ ಊರಿನಲ್ಲಿ. ತೀರಿಕೊಂಡಿದ್ದು 1967ರ ಜುಲೈ 17. ಲಿವರ್ ಕ್ಯಾನ್ಸರ್. ಬರೀ 40 ವರ್ಷ. ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ಹೋಗಿಬಿಟ್ಟಿದ್ದ ಆ ಮನುಷ್ಯ ಇವತ್ತಿಗೂ ವಾರಕ್ಕೆ ಎರಡು ಮೂರು ಸಲ ನನ್ನ ಮನೆಯಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಾರೆ.

ನಾನು ಮೈಸೂರಿನವನು. ಚಿಕ್ಕಂದಿನಲ್ಲಿ ಐದಾರು ವರ್ಷ ಮೃದಂಗ ಕಲಿತೆ, ಎಸ್ಸೆಸ್ಸೆಲ್ಸಿ ಬಂತು ಅಂತ ಬಿಟ್ಟೆ. 1997ರಲ್ಲಿ ಬೆಂಗಳೂರಿನ ಹಾಸ್ಟೆಲಿನಲ್ಲಿದ್ದಾಗ ರೂಮ್‌ಮೇಟ್ ಒಬ್ಬ ಒಂದು ಕ್ಯಾಸೆಟ್ ಕೊಟ್ಟ. ಮೇಲೆ ನೀಲಿ ಪೆನ್ನಿನಲ್ಲಿ ಕೋಲ್ಟ್ರೇನ್ ಹೆಸರು ಗೀಚಿತ್ತು, ಅಷ್ಟೆ. ರಜೆಗೆ ಊರಿಗೆ ಹೋದಾಗ ಅದನ್ನು ಮನೆಯ ಟೇಪ್ ರೆಕಾರ್ಡರಿಗೆ ಹಾಕಿದೆ. ಬಂದಿದ್ದು 'ಮೈ ಫೇವರಿಟ್ ಥಿಂಗ್ಸ್'. ಮೂಲದಲ್ಲಿ ಅದು ನ್ಯೂಯಾರ್ಕಿನ ಒಂದು ಸಂಗೀತ ನಾಟಕದ ಮುದ್ದಾದ ಹಾಡು. 1960ರ ಅಕ್ಟೋಬರಿನಲ್ಲಿ ಕೋಲ್ಟ್ರೇನ್ ಅದನ್ನು ತೆಗೆದುಕೊಂಡು, ಸೊಪ್ರಾನೊ ಸ್ಯಾಕ್ಸೊಫೋನಿನಲ್ಲಿ 13 ನಿಮಿಷಕ್ಕೂ ಜಾಸ್ತಿ ನುಡಿಸಿದ್ದಾರೆ. ಸೊಪ್ರಾನೊ ಅಂದರೆ ಬಾಗಿದ ಕೊಳವೆಯದ್ದಲ್ಲ, ನೆಟ್ಟಗೆ ಇರುತ್ತದೆ. ದನಿ ಮೂಗಿನಿಂದ ಬಂದ ಹಾಗೆ.

ಅಡುಗೆಮನೆಯಿಂದ ಅಮ್ಮ ಕೂಗಿದರು: "ಯಾರ ಮನೇಲೋ ಮದುವೆ ನೋಡು, ವಾಲಗ ಕೇಳಿಸ್ತಿದೆ."

"ವಾಲಗ ಅಲ್ಲಮ್ಮ, ಟೇಪು."

ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತರು. ಒಂದೆರಡು ನಿಮಿಷ ಕೇಳಿದರು. ಆಮೇಲೆ, "ಇವನು ಉಸಿರು ಎಲ್ಲಿ ತಗೋತಾನೋ?" ಅಂದು ಒಳಗೆ ಹೋದರು. ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಅದಕ್ಕೆ ಮುಂದೆ ಬರುತ್ತೇನೆ.

ಆ ಹೊತ್ತಿಗೆ ನನ್ನನ್ನು ಹಿಡಿದದ್ದು ಉಸಿರಲ್ಲ, ತಾಳ. ಹಳೆ ಅಭ್ಯಾಸ, ಬೆರಳು ತಾನೇ ಎಣಿಸಲು ಶುರು ಮಾಡಿತು. ಮೂರರ ಎಣಿಕೆ ಅಂತ ಬೇಗ ಸಿಕ್ಕಿತು. ಆದರೆ ಡ್ರಮ್ ನುಡಿಸುವ ಎಲ್ವಿನ್ ಜೋನ್ಸ್ ನಾನು ಕಾದ ಕಡೆ ಪೆಟ್ಟು ಹಾಕುತ್ತಲೇ ಇರಲಿಲ್ಲ. ಬಲಗೈ ತಾಳದ ತಟ್ಟೆಯ ಮೇಲೆ ಒಂದು ಮಾತು ಹೇಳುತ್ತದೆ. ಎಡಗೈ ಇನ್ನೊಂದು. ಕಾಲು ಮತ್ತೊಂದು. ನಮ್ಮ ಮೇಷ್ಟ್ರು ಕಲಿಸಿದ ಸರ್ವಲಘು, ಅಂದರೆ ತಾಳವನ್ನು ಒಂದೇ ಸಮ ಹಿಡಿದು ನಡೆಸುವ ಸರಳ ನಡೆ, ಎಲ್ಲಿದೆ ಅಂತ ಹುಡುಕಿದೆ. ಒಂದು ವಾರ ಕೇಳಿದ ಮೇಲೆ ಗೊತ್ತಾಯ್ತು. ಸರ್ವಲಘು ಇದೆ, ಅದನ್ನು ಯಾರೂ ಬಾಯಿ ಬಿಟ್ಟು ಹೇಳುತ್ತಿಲ್ಲ. ನಾಲ್ಕು ಜನರೂ ಅದನ್ನು ಒಳಗೆ ಇಟ್ಟುಕೊಂಡು ಅದರ ಸುತ್ತ ಓಡಾಡುತ್ತಿದ್ದಾರೆ.

ಇದು ನನಗೆ ಹೊಸದು. ನಮ್ಮ ಕಛೇರಿಗಳಲ್ಲಿ ಮೃದಂಗದವರಿಗೆ ತನಿ ಆವರ್ತನ ಅಂತ ಅವರದೇ ಹೊತ್ತು ಇರುತ್ತದೆ, ಉಳಿದ ಸಮಯ ಹೆಚ್ಚಿನಂಶ ಗಾಯಕರ ಹಿಂದೆ ನಡೆಯುತ್ತಾರೆ. ಕೋಲ್ಟ್ರೇನ್ ತಂಡದಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಆದರೂ ಗದ್ದಲ ಆಗುವುದಿಲ್ಲ. ಹಾಗಾಗಿ ಒಂದೇ ಹಾಡನ್ನು ನಾಲ್ಕು ಸಲ ಕೇಳುವ ಅಭ್ಯಾಸ ಬೆಳೆಯಿತು. ಒಂದು ಸಲ ಪಿಯಾನೊದ ಮೆಕಾಯ್ ಟೈನರ್ ಅವರನ್ನು ಮಾತ್ರ. ಒಂದು ಸಲ ಬೇಸ್, ಅಂದರೆ ತಗ್ಗು ದನಿಯ ದೊಡ್ಡ ತಂತಿವಾದ್ಯ, ಅದು ಮಾತ್ರ. ಒಂದು ಸಲ ಡ್ರಮ್. ಕೊನೆಗೆ ಸ್ಯಾಕ್ಸೊಫೋನ್.

ಅದರ ಮುಂದಿನ ವರ್ಷ ಚಾಮರಾಜಪೇಟೆಯಲ್ಲಿ ರಾಮನವಮಿ ಕಛೇರಿಗೆ ಹೋದೆ. ಮೊದಲೆಲ್ಲ ಮೃದಂಗದವರ ಕೈ ನೋಡುತ್ತಾ ಕೂರುತ್ತಿದ್ದೆ. ಅವತ್ತು ಮೊದಲ ಸಲ ಪಿಟೀಲಿನವರು ಕಿವಿಗೆ ಬಿದ್ದರು. ಹಾಡುವವರು ಒಂದು ಸಂಗತಿ ಹಾಕಿ ಬಿಟ್ಟ ಕೂಡಲೇ ಅದರ ಬಾಲ ಹಿಡಿದುಕೊಂಡು, ಅರ್ಧ ಕ್ಷಣ ಹಿಂದೆ, ನೆರಳಿನ ಹಾಗೆ ಬರುತ್ತಿದ್ದರು. ಅಷ್ಟು ವರ್ಷ ಅದೇ ಕಛೇರಿಗಳಿಗೆ ಹೋಗಿದ್ದೆ, ಅದು ಕೇಳಿಸಿರಲೇ ಇಲ್ಲ. ಅಮೆರಿಕದ ಒಬ್ಬರು ಸ್ಯಾಕ್ಸೊಫೋನ್ ವಾದಕರು ನನಗೆ ನಮ್ಮ ಪಿಟೀಲನ್ನು ಕೇಳಿಸಿದರು. ನೀವು ಕೇಳಿದ "ಏನು ಬದಲಾಗುತ್ತೆ" ಅನ್ನುವುದಕ್ಕೆ ನನ್ನ ಹತ್ತಿರ ಇದಕ್ಕಿಂತ ಗಟ್ಟಿಯಾದ ಉತ್ತರ ಇಲ್ಲ.

ಆದರೆ ಎಲ್ಲ ಒಳ್ಳೆಯ ಸಂಗೀತಗಾರರಿಂದಲೂ ಕಿವಿ ಬೆಳೆಯುತ್ತದೆ ಅಲ್ವಾ? ಕೋಲ್ಟ್ರೇನ್ ಅವರೇ ಯಾಕೆ ಇಷ್ಟು ಆಳಕ್ಕೆ ಇಳಿಯುತ್ತಾರೆ? ನನಗೆ ಅನ್ನಿಸುವುದು ಇಷ್ಟು: ಅವರು ಹುಡುಕುವುದನ್ನು ಮುಚ್ಚಿಡುವುದಿಲ್ಲ. ಬೇರೆಯವರು ಮನೆಯಲ್ಲಿ ಹುಡುಕಿ, ಸಿಕ್ಕಿದ್ದನ್ನು ವೇದಿಕೆಗೆ ತರುತ್ತಾರೆ. ಇವರು ಹುಡುಕಾಟವನ್ನೇ ನಮ್ಮ ಮುಂದೆ ಇಡುತ್ತಾರೆ.

1959ರ ಎರಡು ಧ್ವನಿಮುದ್ರಣ ಒಂದರ ಪಕ್ಕ ಒಂದು ಇಟ್ಟು ಕೇಳಿ. ಮಾರ್ಚ್ 2ರಂದು ನ್ಯೂಯಾರ್ಕಿನಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡದ ಜೊತೆ 'ಸೋ ವಾಟ್' ನುಡಿಸಿದರು. ಅದು 'ಕೈಂಡ್ ಆಫ್ ಬ್ಲೂ' ಆಲ್ಬಮ್ಮಿನ ಮೊದಲ ಹಾಡು. ಅದರಲ್ಲಿರುವುದು ಒಂದೇ ಸ್ವರಶ್ರೇಣಿ. ನಮ್ಮ ಖರಹರಪ್ರಿಯದ ಸ್ವರಗಳೇ. ಗಮಕ ಇಲ್ಲ, ರಾಗದ ನಡೆ ಇಲ್ಲ, ಹಾಗಾಗಿ ಅದು ಖರಹರಪ್ರಿಯ ರಾಗ ಅಲ್ಲ, ಸ್ವರಗಳು ಮಾತ್ರ ಅವೇ. 16 ಬಾರ್ (ಒಂದು ಬಾರ್ ಅಂದರೆ ನಾಲ್ಕು ಎಣಿಕೆ) ಅದರಲ್ಲಿ ನಡೆದು, 8 ಬಾರ್ ಅರ್ಧ ಸ್ವರ ಮೇಲೆ ಹತ್ತಿ, ಮತ್ತೆ 8 ಬಾರ್ ಕೆಳಗೆ ಬರುತ್ತದೆ. ಅಷ್ಟೇ ಕಟ್ಟಡ. ಮೈಲ್ಸ್ ಅದರಲ್ಲಿ ನಾಲ್ಕು ಸ್ವರ ಹೇಳಿ ಸುಮ್ಮನಾಗುತ್ತಾರೆ. ಅವರ ಹಿಂದೆ ಬರುವ ಕೋಲ್ಟ್ರೇನ್ ಅದೇ ಜಾಗದಲ್ಲಿ ಮೂಲೆ ಮೂಲೆ ತಡಕುತ್ತಾರೆ.

ಎರಡು ತಿಂಗಳ ನಂತರ, ಮೇ ತಿಂಗಳಲ್ಲಿ, ತಮ್ಮದೇ ರಚನೆ 'ಜಯಂಟ್ ಸ್ಟೆಪ್ಸ್' ಮುದ್ರಿಸಿದರು. ಅದು ಪೂರ್ತಿ ಉಲ್ಟಾ. ಷಡ್ಜ ಒಂದು ಕಡೆ ನಿಲ್ಲುವುದೇ ಇಲ್ಲ. ಮೂರು ಜಾಗಗಳ ನಡುವೆ ಜಿಗಿಯುತ್ತಲೇ ಇರುತ್ತದೆ, ಅದೂ ಓಡುವ ಕಾಲದಲ್ಲಿ. ಹಾಡುತ್ತಿರುವಾಗ ಯಾರೋ ನಾಲ್ಕಾರು ಎಣಿಕೆಗೊಮ್ಮೆ ಶ್ರುತಿಪೆಟ್ಟಿಗೆಯ ಮನೆ ಬದಲಾಯಿಸಿದರೆ ಹೇಗಿರುತ್ತೆ ಅಂತ ಯೋಚನೆ ಮಾಡಿ. ಕೋಲ್ಟ್ರೇನ್ ಅದರ ಮೇಲೆ ನೀರಿನ ಹಾಗೆ ಹರಿಯುತ್ತಾರೆ, ಯಾಕೆಂದರೆ ಅದನ್ನು ಸಾಧನೆ ಮಾಡಿ ಮಾಡಿ ಅರೆದು ಕುಡಿದಿದ್ದರು. ಪಿಯಾನೊದ ಟಾಮಿ ಫ್ಲಾನಗನ್ ದೊಡ್ಡ ವಾದಕರು. ಅವರ ಸರದಿ ಬಂದಾಗ ಕೈ ತಡವರಿಸುತ್ತದೆ. ಕೊನೆಗೆ ಬರೀ ಬಿಡಿ ಬಿಡಿ ಕಾರ್ಡ್‌ಗಳನ್ನು (ಒಟ್ಟಿಗೆ ಒತ್ತುವ ಮೂರ್ನಾಲ್ಕು ಸ್ವರ) ಒತ್ತಿ ಮುಗಿಸುತ್ತಾರೆ. ಆ ತಡವರಿಕೆ ರೆಕಾರ್ಡಿನಲ್ಲಿ ಹಾಗೆಯೇ ಇದೆ. 1982ರಲ್ಲಿ ಅದೇ ಫ್ಲಾನಗನ್ 'ಜಯಂಟ್ ಸ್ಟೆಪ್ಸ್' ಹೆಸರಿನಲ್ಲೇ ಒಂದು ಆಲ್ಬಮ್ ಮಾಡಿ ಕೋಲ್ಟ್ರೇನ್ ಅವರಿಗೆ ಅರ್ಪಿಸಿದರು. 23 ವರ್ಷ ಒಂದು ಹಾಡು ಒಬ್ಬ ವಾದಕನ ಜೊತೆ ಇತ್ತು. ಆ ಎರಡನ್ನೂ ಒಂದೇ ದಿನ ಕೇಳಿದಾಗ ನನಗೆ ಗಂಟಲು ಕಟ್ಟಿತ್ತು.

ಇನ್ನು 'ಎ ಲವ್ ಸುಪ್ರೀಮ್'. ಜನ ಬದುಕು ಬದಲಾಯ್ತು ಅನ್ನುವುದು ಹೆಚ್ಚಾಗಿ ಈ ರೆಕಾರ್ಡಿನ ಬಗ್ಗೆಯೇ. ಇದರ ಹಿಂದೆ ಒಂದು ಕತೆ ಇದೆ. 1957ರವರೆಗೆ ಕೋಲ್ಟ್ರೇನ್ ಹೆರಾಯಿನ್ ಮತ್ತು ಕುಡಿತದ ಕೈಗೆ ಸಿಕ್ಕಿದ್ದರು. ಆ ವರ್ಷ ಮೈಲ್ಸ್ ಅವರನ್ನು ತಂಡದಿಂದ ತೆಗೆದರು. ಕೋಲ್ಟ್ರೇನ್ ಫಿಲಡೆಲ್ಫಿಯಾದ ಮನೆಗೆ ಹೋಗಿ ಎರಡನ್ನೂ ಬಿಟ್ಟರು. ಬಿಟ್ಟು ಬಂದವರು ಪಿಯಾನೊ ವಾದಕ ಥೆಲೋನಿಯಸ್ ಮಾಂಕ್ ಜೊತೆ ನ್ಯೂಯಾರ್ಕಿನ ಕ್ಲಬ್ಬು ಫೈವ್ ಸ್ಪಾಟ್‌ನಲ್ಲಿ ತಿಂಗಳುಗಟ್ಟಲೆ ನುಡಿಸಿದರು. ಆ ವರ್ಷ ದೇವರ ಕೃಪೆಯಿಂದ ತನಗೆ ಎಚ್ಚರವಾಯಿತು ಅಂತ 'ಎ ಲವ್ ಸುಪ್ರೀಮ್' ಹೊದಿಕೆಯ ಮೇಲೆ ಅವರೇ ಬರೆದಿದ್ದಾರೆ. ಈ ರೆಕಾರ್ಡು ಆ ದೇವರಿಗೆ ಒಪ್ಪಿಸಿದ್ದು.

1964ರ ಡಿಸೆಂಬರ್ 9, ನ್ಯೂಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೊ. ಟೈನರ್, ಜೋನ್ಸ್, ಬೇಸ್‌ನಲ್ಲಿ ಜಿಮ್ಮಿ ಗ್ಯಾರಿಸನ್. ನಾಲ್ಕು ಭಾಗ, ಒಟ್ಟು 33 ನಿಮಿಷ. ಮೊದಲು ಒಂದು ಜಾಗಟೆ. ಸ್ಯಾಕ್ಸೊಫೋನ್ ಒಂದು ಸಣ್ಣ ಕರೆ ಕೊಟ್ಟು ನಿಲ್ಲುತ್ತದೆ. ಆಮೇಲೆ ಗ್ಯಾರಿಸನ್ ನಾಲ್ಕು ಸ್ವರ ಮೀಟುತ್ತಾರೆ. ನನ್ನ ಕಿವಿಗೆ ಅದು ಸ-ಗ-ಸ-ಮ. ಸಾಧಾರಣ ಗಾಂಧಾರ, ಶುದ್ಧ ಮಧ್ಯಮ. ಇಡೀ ಮೊದಲ ಭಾಗಕ್ಕೆ ಅಡಿಪಾಯ ಈ ನಾಲ್ಕೇ ಸ್ವರ.

ಇಲ್ಲಿ ನಡೆಯುವ ಒಂದು ವಿಷಯ ಹತ್ತಿರದಿಂದ ಹೇಳಬೇಕು. ಕೋಲ್ಟ್ರೇನ್ ಸುಮಾರು ಹೊತ್ತು ನುಡಿಸಿದ ಮೇಲೆ ಆ ನಾಲ್ಕು ಸ್ವರದ ತುಣುಕನ್ನೇ ಕೈಗೆತ್ತಿಕೊಳ್ಳುತ್ತಾರೆ. ಒಂದು ಶ್ರುತಿಯಲ್ಲಿ ಹೇಳುತ್ತಾರೆ. ಮತ್ತೊಂದರಲ್ಲಿ. ಮತ್ತೊಂದರಲ್ಲಿ. ಹೀಗೆ ಹನ್ನೆರಡೂ ಶ್ರುತಿಗಳಲ್ಲಿ ಅದೇ ತುಣುಕು ಹೇಳಿ ಮುಗಿಸುತ್ತಾರೆ. ಕೆಳಗೆ ಬೇಸ್ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಊರಿನ ಎಲ್ಲ ಬಾಗಿಲೂ ತಟ್ಟಿ ಬಂದ ಹಾಗೆ. ಅದಾದ ಮೇಲೆ ಸ್ಯಾಕ್ಸೊಫೋನ್ ಕೆಳಗಿಟ್ಟು ಆ ನಾಲ್ಕು ಸ್ವರಕ್ಕೆ ರೆಕಾರ್ಡಿನ ಹೆಸರನ್ನೇ ಕೂರಿಸಿ ಬಾಯಲ್ಲಿ ಹೇಳುತ್ತಾರೆ, ನಾಮಸ್ಮರಣೆ ಮಾಡಿದ ಹಾಗೆ, 19 ಸಲ. ಕೊನೆಯ ಕೆಲವು ಸಲಕ್ಕೆ ಬರುವಾಗ ಶ್ರುತಿಯೇ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತದೆ. ಮೊದಲ ಸಲ ಕೇಳಿದಾಗ ನನಗೆ ಇದು ಯಾವುದೂ ಗೊತ್ತಾಗಲಿಲ್ಲ. ಇಳಿದಾಗ ಏನೋ ಹೊಟ್ಟೆಯಲ್ಲಿ ಸಡಿಲವಾಯ್ತು, ಅಷ್ಟು ಗೊತ್ತು.

ಕೊನೆಯ ಭಾಗ ಇನ್ನೂ ವಿಶೇಷ. ಹೊದಿಕೆಯಲ್ಲಿ ಕೋಲ್ಟ್ರೇನ್ ಬರೆದ ಒಂದು ಪ್ರಾರ್ಥನೆ ಅಚ್ಚಾಗಿದೆ. ಆ ಕೊನೆಯ ಭಾಗದಲ್ಲಿ ಅವರು ನುಡಿಸುವುದು ಅದನ್ನೇ, ಪದಕ್ಕೆ ಪದ. ನಮ್ಮಲ್ಲಿ ಪಿಟೀಲು, ವೀಣೆಯವರು ಕೃತಿ ನುಡಿಸುವಾಗ ಸಾಹಿತ್ಯ ಎಲ್ಲಿ ಒಡೆಯುತ್ತದೋ ಅಲ್ಲೇ ಕಮಾನು ಹೊರಳಿಸುತ್ತಾರೆ, ಅಲ್ಲೇ ಮೀಟುತ್ತಾರೆ. ಹಾಡು ಗೊತ್ತಿದ್ದವರಿಗೆ ಮಾತು ಕೇಳಿಸುತ್ತದೆ. ಹಾಗೆಯೇ ಇದು. ಆ ಪ್ರಾರ್ಥನೆಯನ್ನು ಕೈಯಲ್ಲಿ ಹಿಡಿದು ಸಾಲಿನ ಮೇಲೆ ಬೆರಳಿಟ್ಟು ಕೇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. ಬೆರಳು ಮತ್ತು ಸ್ಯಾಕ್ಸೊಫೋನ್ ಒಟ್ಟಿಗೆ ಸಾಲಿನ ಕೊನೆ ಮುಟ್ಟಿದವು. ಅವತ್ತು ಮತ್ತೇನೂ ಕೇಳಲಿಲ್ಲ.

ಇದರ ಪ್ರಭಾವ ಎಲ್ಲೆಲ್ಲಿಗೋ ಹೋಗಿದೆ. 1965ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಕ್ಲಬ್ಬಿನಲ್ಲಿ ಫ್ರಾಂಜೊ ಕಿಂಗ್ ಮತ್ತು ಮರೀನಾ ಕಿಂಗ್ ಎಂಬ ದಂಪತಿ ಕೋಲ್ಟ್ರೇನ್ ಅವರನ್ನು ಕೇಳಿದರು. ಅವರ ಪ್ರಕಾರ ಅದು ದೀಕ್ಷೆ. ಮುಂದೆ ಕೋಲ್ಟ್ರೇನ್ ಹೆಸರಿನಲ್ಲೇ ಒಂದು ಚರ್ಚ್ ಕಟ್ಟಿದರು. ಭಾನುವಾರದ ಪೂಜೆಯೇ 'ಎ ಲವ್ ಸುಪ್ರೀಮ್'. ಜಪಾನಿನಲ್ಲಿ ಜಾಜ್ ಕಿಸ್ಸಾ ಅಂತ ಕಾಫಿ ಅಂಗಡಿಗಳಿವೆ. ಹೊರದೇಶದ ರೆಕಾರ್ಡುಗಳು ಕೈಗೆಟುಕದ ಕಾಲದಲ್ಲಿ ಜನ ಒಂದು ಕಾಫಿ ತಗೊಂಡು ಗಂಟೆಗಟ್ಟಲೆ ಕೂತು ಕೇಳುತ್ತಿದ್ದರು. ಎಷ್ಟೋ ಅಂಗಡಿಗಳಲ್ಲಿ ಮಾತಾಡುವ ಹಾಗಿರಲಿಲ್ಲ. ಒಂದು ಸಂಗೀತಕ್ಕಾಗಿ ಜನ ಸುಮ್ಮನಿರುವುದನ್ನು ಕಲಿತರು ಅನ್ನುವುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ನಮ್ಮ ಕಡೆಗೂ ಒಂದು ಎಳೆ ಇದೆ. ಕೋಲ್ಟ್ರೇನ್ ಅವರಿಗೆ ಭಾರತದ ಸಂಗೀತದ ಮೇಲೆ ತುಂಬಾ ಪ್ರೀತಿ. 1961ರಲ್ಲಿ ನ್ಯೂಯಾರ್ಕಿನ ಕ್ಲಬ್ಬು ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ 'ಇಂಡಿಯಾ' ಎಂಬ ರಚನೆ ನುಡಿಸಿದರು. ಸಿತಾರ್ ವಾದಕ ರವಿಶಂಕರ್ ಅವರನ್ನು ಭೇಟಿಯಾದರು, ಅವರ ಹತ್ತಿರ ಕಲಿಯುವ ಆಸೆಯಿತ್ತು. 1965ರಲ್ಲಿ ಹುಟ್ಟಿದ ಮಗನಿಗೆ ರವಿ ಅಂತ ಹೆಸರಿಟ್ಟರು. ಆ ರವಿ ಕೋಲ್ಟ್ರೇನ್ ಈಗ ತಾವೇ ಹೆಸರಾಂತ ಸ್ಯಾಕ್ಸೊಫೋನ್ ವಾದಕರು. ಕಲಿಯುವ ಆಸೆ ಈಡೇರುವ ಮೊದಲೇ ಅಪ್ಪ ಹೋದರು. ಆದರೆ ಅವರದೇ ತಲೆಮಾರಿನ ಇನ್ನೊಬ್ಬರು ಬಂದರು. ಬಾಸ್ಟನ್‌ನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ. ನಾಗಸ್ವರ ಊದಲು ಕಲಿತರು. ಟಿ. ಎ. ಎಸ್. ಮಣಿ ಅವರು ಬೆಂಗಳೂರಿನಲ್ಲಿ 1964ರಲ್ಲಿ ಶುರು ಮಾಡಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಜೊತೆ ನುಡಿಸಿದರು. ಆರ್. ಎ. ರಮಾಮಣಿ ಅವರ ಹಾಡಿಕೆಯ ಜೊತೆ 'ಜ್ಯೋತಿ' ಅನ್ನುವ ರೆಕಾರ್ಡು 1983ರದ್ದು. ಸಿಕ್ಕಿದರೆ ಬಿಡಬೇಡಿ.

ಕೋಲ್ಟ್ರೇನ್ ಅವರ ಎಲ್ಲವೂ ನನಗೆ ಹತ್ತಿರ ಅಂತ ಹೇಳಲಾರೆ. 1965ರ ಜೂನಿನಲ್ಲಿ 11 ಜನರನ್ನು ಸೇರಿಸಿ 'ಅಸೆನ್ಷನ್' ಮಾಡಿದರು. ಎಲ್ಲರೂ ಒಟ್ಟಿಗೆ ಕೂಗಿದ ಹಾಗಿದೆ. ಅಲ್ಲಿಂದ ಮುಂದೆ ಅವರ ಹಳೆಯ ಕೇಳುಗರಲ್ಲಿ ಎಷ್ಟೋ ಜನ ದೂರವಾದರು. ವರ್ಷದ ಕೊನೆಗೆ ಟೈನರ್ ತಂಡ ಬಿಟ್ಟರು, 1966ರ ಮೊದಲಲ್ಲಿ ಜೋನ್ಸ್ ಕೂಡ. ನಾನು ವರ್ಷಕ್ಕೊಮ್ಮೆ 'ಅಸೆನ್ಷನ್' ಹಾಕುತ್ತೇನೆ. ಕೆಲವು ವರ್ಷ ಹತ್ತು ನಿಮಿಷಕ್ಕೆ ನಿಲ್ಲಿಸುತ್ತೇನೆ, ಕೆಲವು ವರ್ಷ ಪೂರ್ತಿ ಕೇಳುತ್ತೇನೆ. ಇಷ್ಟವಾಗದಿದ್ದರೂ ಆ ಮನುಷ್ಯನ ಮೇಲೆ ನಂಬಿಕೆ ಇದೆ. ಸಿಕ್ಕಿದ್ದಕ್ಕೆ ಕೈಮುಗಿದು ಅಲ್ಲೇ ಕೂರಬಹುದಿತ್ತು, ಕೂರಲಿಲ್ಲ.

ಕೊನೆಯದಾಗಿ, ನೀವು ಒಂದೇ ಒಂದು ಹಾಡು ಕೇಳುವುದಾದರೆ 'ಅಲಬಾಮಾ' ಕೇಳಿ. ಐದು ನಿಮಿಷ. 1963ರ ಸೆಪ್ಟೆಂಬರ್ 15, ಭಾನುವಾರ ಬೆಳಿಗ್ಗೆ ಅಲಬಾಮಾದ ಬರ್ಮಿಂಗ್‌ಹ್ಯಾಮ್ ಊರಿನಲ್ಲಿ ಕಪ್ಪು ಜನರ ಒಂದು ಚರ್ಚಿಗೆ ಬಿಳಿಯ ದ್ವೇಷಿಗಳು ಬಾಂಬ್ ಇಟ್ಟರು. ನಾಲ್ಕು ಹೆಣ್ಣುಮಕ್ಕಳು ಸತ್ತರು. ಮೂವರಿಗೆ 14 ವರ್ಷ, ಒಬ್ಬಳಿಗೆ 11. ಎರಡು ತಿಂಗಳ ನಂತರ, ನವೆಂಬರ್ 18ರಂದು ಕೋಲ್ಟ್ರೇನ್ ಇದನ್ನು ಮುದ್ರಿಸಿದರು.

ನಾನು ಮೊದಲು ಕೇಳಿದಾಗ ಈ ಕತೆ ಗೊತ್ತಿರಲಿಲ್ಲ. ಮೈಸೂರಿಗೆ ಹೋಗುವ ಸಂಜೆ ರೈಲಿನಲ್ಲಿ ವಾಕ್‌ಮನ್ ಹಾಕಿಕೊಂಡು ಕೂತಿದ್ದೆ. ಮಂಡ್ಯ ದಾಟಿತ್ತು, ಹೊರಗೆ ಕಬ್ಬಿನ ಗದ್ದೆ ಕಪ್ಪಾಗುತ್ತಿತ್ತು. ಪಿಯಾನೊ ಕೆಳಗಿನ ಸ್ವರದಲ್ಲಿ ಗುಡುಗಿನ ಹಾಗೆ ಸಣ್ಣಗೆ ಉರುಳುತ್ತದೆ. ತಾಳ ಇಲ್ಲ. ಸ್ಯಾಕ್ಸೊಫೋನ್ ಒಂದು ಸಾಲು ಹೇಳುತ್ತದೆ, ನಿಲ್ಲುತ್ತದೆ. ಇನ್ನೊಂದು ಸಾಲು, ಮತ್ತೆ ನಿಲ್ಲುತ್ತದೆ. ನಡುವೆ ತಾಳ ಹಿಡಿಯುತ್ತದೆ, ಇನ್ನೇನು ಹಾಡು ಹೊರಟಿತು ಅನ್ನುವಷ್ಟರಲ್ಲಿ ಕೈಬಿಟ್ಟು ಮತ್ತೆ ಮೊದಲಿನ ಸಾಲಿಗೇ ಬರುತ್ತದೆ. ಕೊನೆಯಲ್ಲಿ ಡ್ರಮ್ ಉಕ್ಕಿ ಬರುತ್ತದೆ. ಎಷ್ಟು ಬೇಕಾದರೂ ಕಿರುಚಬಲ್ಲ ವಾದ್ಯ ಅದು. ಕಿರುಚಲಿಲ್ಲ. ಕ್ಯಾಸೆಟ್ ಹಿಂದಕ್ಕೆ ಸುತ್ತಿ ಮೂರು ಸಲ ಕೇಳಿದೆ. ಎದುರು ಕೂತಿದ್ದ ಅಜ್ಜಿ, "ಯಾಕಪ್ಪಾ, ಹುಷಾರಿಲ್ವಾ?" ಅಂತ ಕೇಳಿದರು. ಕತೆ ಓದಿದ್ದು ಒಂದು ವರ್ಷ ಬಿಟ್ಟು. ಓದಿದ ಮೇಲೆ ಹಾಡು ಬದಲಾಗಲಿಲ್ಲ. ಮೊದಲೇ ಎಲ್ಲ ಹೇಳಿಯಾಗಿತ್ತು.

1963ರ ಡಿಸೆಂಬರಿನಲ್ಲಿ ಅವರು ಇದನ್ನು ಒಂದು ಟಿವಿ ಕಾರ್ಯಕ್ರಮಕ್ಕೂ ನುಡಿಸಿದ್ದಾರೆ, ಆ ಕಪ್ಪುಬಿಳುಪು ವಿಡಿಯೊ ಹುಡುಕಿದರೆ ಸಿಗುತ್ತದೆ. ಫೋನಿನ ಸ್ಪೀಕರ್ ಬೇಡ, ಪಿಯಾನೊದ ಆ ಕೆಳಗಿನ ಗುಡುಗು ಅದರಲ್ಲಿ ಬರುವುದೇ ಇಲ್ಲ. ಇಯರ್‌ಫೋನ್ ಹಾಕಿಕೊಳ್ಳಿ. ಎರಡು ಸಾಲುಗಳ ನಡುವೆ ಅವರು ನಿಲ್ಲಿಸುತ್ತಾರಲ್ಲ, ಅಲ್ಲಿ ಗಮನ ಕೊಡಿ. ಅಮ್ಮ ಕೇಳಿದ್ದರಲ್ಲ, ಉಸಿರು ಎಲ್ಲಿ ತಗೋತಾನೆ ಅಂತ. ಅಲ್ಲಿ ತಗೋತಾರೆ.